ಅರವತ್ತೊಂದು ಹಲ್ಲಿನ ಕೂಸು

ಒಂದು ಒಗಟು ಹಾಕ್ತೀನಿ, ಒಡೀರಿ ನೋಡೋಣ. ಅರವತ್ತೊಂದು ಹಲ್ಲು, ಕಚ್ಚೋದಿಲ್ಲ. ಕಣ್ಣಿಲ್ಲ, ಕಾಡಿಗಿ ಹಚ್ಚಿಕೊಂಡೈತಿ. ಮದುವಿ ಗೊತ್ತಾಗಿಲ್ಲ, ಸುರಗಿ ನೀರು ಹಾಕಿಸಿಕೊಂಡೈತಿ. ಸತ್ತದ್ದು ತಾನು, ಬಾಯಿ ಬಂದದ್ದು ಇನ್ನೊಂದಕ್ಕ. ಏನದು?

ತಲೆ ಕೆರಕೋಬ್ಯಾಡ್ರಿ. ನಮ್ಮ ಸಾಲಿ ಹೆಡ್‌ಮಾಸ್ತರಿಗೆ ಈ ಒಗಟು ಹಾಕಿದ್ದೆ, ಅವರು ನನ್ನನ್ನೇ ಹೊರಗ ಹಾಕಿದರು. ನೀವೂ ಮೊದಲನೇ ಸಾಲಿಗೆ ಹೂಂ ಅಂತೀರಿ, ಎರಡನೇದಕ್ಕ ತಡವರಿಸ್ತೀರಿ, ಕಡೀ ಸಾಲಿಗೆ ಸೋತೆ ಅಂತೀರಿ. ಹೆಂಗೂ ಸೋಲೋದಾದರ ಈಗಲೇ ಸೋತುಬಿಡ್ರಿ, ಕತಿ ಹೇಳ್ತೀನಿ.

ಕಾಶವ್ವ ಎಂಬಾಕೆಗೆ ಚನಮಲ್ಲ ಎಂಬ ಒಬ್ಬನೇ ಮಗ. ವಯಸ್ಸು ಇಪ್ಪತ್ತಾರು. ಗಂಡ ವೀರಬಸಪ್ಪ ಪೇಟಿ ಮಾಸ್ತರ. ಹಾರ್ಮೋನಿಯಂ ಪೇಟಿ ನುಡಿಸಿ ನುಡಿಸಿ ಸುತ್ತ ಹತ್ತೂರಿಗೆ ಹೆಸರಾಗಿದ್ದವ, ತೀರಿಕೊಂಡು ಆರು ವರ್ಷ. ಅಪ್ಪನ ಹತ್ತು ಬೆರಳೂ ಹಾಗೇ ಮಗನಿಗೆ ಬಂದಿದ್ದವು. ಮನೆಯಲ್ಲಿ ಪೇಟಿಯ ಮುಂದೆ ಕೂತನೆಂದರೆ, ಕಾಶವ್ವ ಬಾಯಿ ತೆರೆಯುವುದರೊಳಗೆ ಆಕೆ ಹಿಡಿಯಬೇಕಾದ ಸ್ವರ ಅವನ ಬೆರಳಿನ ಕೆಳಗೆ ಇರುತ್ತಿತ್ತು. ಬೆರಳು ಅಪ್ಪನವು, ಸರಿ. ತಲೆ ಯಾರದೆಂದು ಮಾತ್ರ ಎರಡೂ ಕಡೆಯ ಬಳಗದವರು ಇವತ್ತಿಗೂ ಒಪ್ಪಿಕೊಂಡಿಲ್ಲ.

ಹಾಲು ಉಕ್ಕೋದು ನೋಡು ಅಂದರೆ, ಅದು ಉಕ್ಕಿ, ಒಲೆ ಆರಿ, ನೆಲಕ್ಕೆ ಹರಿದು ಹೊಸ್ತಿಲು ದಾಟುವ ತನಕ ನೋಡಿ, ಚಲೋ ಉಕ್ಕಿತು ಬೇ ಅಂತ ಬಂದು ಹೇಳುವವ. ಬೈದರೆ ಅಳುತ್ತಿರಲಿಲ್ಲ, ಎದುರು ಮಾತಾಡುತ್ತಿರಲಿಲ್ಲ. ನೀ ಹೇಳಿದಂಗ ಮಾಡೀನಲ್ಲ ಬೇ ಅನ್ನುತ್ತಿದ್ದ. ಅದೇ ಕಾಶವ್ವನಿಗೆ ಬೆಂಕಿ ಹತ್ತಿಸುತ್ತಿತ್ತು. ಯಾಕೆಂದರೆ ಅವಳು ಹೇಳಿದಂಗೇ ಮಾಡಿರುತ್ತಿದ್ದ.

ಕಾಶವ್ವನ ಕೆಲಸ ಹಾಡೋದು. ಮದುವೆ ಮನೆಯಲ್ಲಿ ಸುರಗಿ ಶಾಸ್ತ್ರ ಇರುತ್ತದಲ್ಲ: ನಾಲ್ಕು ಮೂಲೆಗೆ ನಾಲ್ಕು ಹೊಸ ಗಡಿಗೆ ಇಟ್ಟು, ಅವಕ್ಕೆ ನೂಲು ಸುತ್ತಿ, ನಡುವೆ ಮಣೆಯ ಮೇಲೆ ಮದುಮಗಳನ್ನು ಕೂರಿಸಿ, ಎಣ್ಣೆ ಅರಿಸಿನ ಹಚ್ಚಿ ನೀರು ಹಾಕೋದು. ಆ ಊರಿನ ರೂಢಿ ಏನೆಂದರೆ, ಮದುಮಗಳ ಮಗ್ಗುಲಿಗೆ ಒಂದು ಕೂಸನ್ನೂ ಕೂರಿಸಿ ಅದಕ್ಕೂ ನಾಲ್ಕು ತಂಬಿಗೆ ನೀರು ಹಾಕಬೇಕು. ನೀರು ಬೀಳುವಷ್ಟು ಹೊತ್ತೂ ಹಾಡು ನಿಲ್ಲಬಾರದು. ಆ ಹಾಡು ಮೂವತ್ತು ವರ್ಷದಿಂದ ಕಾಶವ್ವನದು. ಹಿಂದೆ ದನಿಗೂಡಿಸಲು ದ್ಯಾಮವ್ವ, ಮತ್ತಿಬ್ಬರು ಹೆಂಗಸರು.

ಹೋದ ವರ್ಷ ಆರ್ಕೆಸ್ಟ್ರಾ ಅಂದಾನಿ ಬಂದ. ಒಂದು ಮದುವೆಯಲ್ಲಿ ಕಾಶವ್ವ ಸುರಗಿ ಪದದ ನಾಲ್ಕನೇ ನುಡಿಯಲ್ಲಿದ್ದಾಗ ಅವಳ ಮೈಕು ಬಂದ್ ಮಾಡಿದ. ಬರೇ ಬಾಯಿಲೆ ಎಷ್ಟೊತ್ತು ಕೇಳೋದಮ್ಮ, ಮ್ಯೂಜಿಕ್ ಇಲ್ಲ ಏನಿಲ್ಲ ಅಂದ. ಅಂದವನು ತನ್ನ ಕೀಬೋರ್ಡಿನ ಗುಂಡಿ ಒತ್ತಿದ. ಕೂತಿದ್ದವನು ಒಬ್ಬನೇ, ಢೋಲಕ್ಕು, ಪಿಟೀಲು, ಕೊಳಲು ಎಲ್ಲ ಒಟ್ಟಿಗೆ ಬಂದವು. ಜನ ಆ ಕಡೆ ತಿರುಗಿದರು. ಕಾಶವ್ವ ತೆರೆದ ಬಾಯಿ ತೆರೆದಂತೆಯೇ ನಿಂತಳು. ಮೂವತ್ತು ವರ್ಷ ನಿಲ್ಲದ ಹಾಡು ಅವತ್ತು ನಿಂತಿತು.

ಅವತ್ತು ಏರಿದ ಸಿಟ್ಟು ಇಳಿಯಲಿಲ್ಲ. ಕಾಶವ್ವನ ಸಿಟ್ಟು ಎಷ್ಟಿದೆಯೆಂದು ತಿಳಿಯಲು ಓಣಿಯವರಿಗೆ ಅವಳ ಮುಖ ನೋಡುವ ಕೆಲಸ ಇರಲಿಲ್ಲ, ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕಾಗಿತ್ತು. ಆ ವರ್ಷವಿಡೀ ಅವಳ ಮನೆಯ ರೊಟ್ಟಿ ಎಷ್ಟು ತೆಳ್ಳಗಿದ್ದವೆಂದರೆ ಹಿಡಿದರೆ ಆ ಕಡೆಯವರ ಮೂಗು ಕಾಣುತ್ತಿತ್ತು.

ಈ ಸಲ ಹಳ್ಳೂರ ಮನೆಯ ಶಿವಲೀಲಕ್ಕ ಮಗಳ ಮದುವೆ ಹಿಡಿದಳು. ದೊಡ್ಡ ಮನೆ, ಅಲ್ಲಿ ಯಾರು ಹಾಡುತ್ತಾರೋ ಊರೆಲ್ಲ ಅವರನ್ನೇ ಕರೆಯುವುದು. ಶಿವಲೀಲಕ್ಕ ಕಾಶವ್ವನನ್ನು ಕರೆಸಿ ಮೆತ್ತಗೆ ಹೇಳಿದಳು: ಹುಡುಗರು ಮ್ಯೂಜಿಕ್ ಬೇಕಂತಾರ, ನೀನೂ ಒಂದು ಕೀಬೋರ್ಡು ತಂದರ ಸುರಗಿ ನಿನ್ನದು, ಇಲ್ಲಂದ್ರ ಬ್ಯಾಸರ ಮಾಡ್ಕೋಬ್ಯಾಡ, ಅಂದಾನಿಗೆ ಹೇಳ್ತೀನಿ.

ಕಾಶವ್ವ ಆಯ್ತು ಅಂದು ಎದ್ದು ಬಂದಳು. ಬಂದವಳೇ ಎಮ್ಮೆ ಮಾರಿದಳು.

ಬಸ್ಸು ಹತ್ತಿದರೆ ಅವಳಿಗೆ ವಾಂತಿ. ಹತ್ತಿದರೂ, ಒತ್ತಿ ನೋಡುವ ಬೆರಳು ಅವಳದಲ್ಲ. ಹೀಗಾಗಿ ಚನಮಲ್ಲನೇ ಹುಬ್ಬಳ್ಳಿಗೆ ಹೋಗಬೇಕಾಯಿತು. ಅಲ್ಲಿ ವಿಠ್ಠಲಸಾ ಅಂತ ಒಬ್ಬರು. ವೀರಬಸಪ್ಪನ ಪೇಟಿ ರಿಪೇರಿ ಮಾಡಿಕೊಡುತ್ತಿದ್ದವರು, ಈಗ ಕೀಬೋರ್ಡ್ ಅಂಗಡಿ ಇಟ್ಟಿದ್ದರು. ಹಳೇ ಪೇಟಿಯನ್ನೂ ಅವರಿಗೇ ಕೊಟ್ಟು ಬಾ ಅಂತ ಕಾಶವ್ವ ಎದೆ ಗಟ್ಟಿ ಮಾಡಿಕೊಂಡು ಪೇಟಿಯನ್ನು ಮಗನ ಹೆಗಲಿಗೆ ಹೊರಿಸಿದಳು. ಆಮೇಲೆ ಎದುರು ನಿಲ್ಲಿಸಿಕೊಂಡು ಬುದ್ಧಿ ಹೇಳಿದಳು.

"ಬಣ್ಣ ನೋಡಬ್ಯಾಡ, ದೀಪ ನೋಡಬ್ಯಾಡ. ಕಣ್ಣು ಮುಚ್ಚಿಕೊಂಡು ಒತ್ತಿ ನೋಡು. ನಿಮ್ಮಪ್ಪನ ಪೇಟಿ ಹಂಗ ಯಾವುದು ಬೆರಳಿಗೆ ಒಗ್ಗತೈತೋ ಅದನ್ನ ತಾ."

ಹೂಂ ಬೇ ಅಂದ. ಹೋದ.

ಅಂಗಡಿಯಲ್ಲಿ ನಡೆದದ್ದನ್ನು ವಿಠ್ಠಲಸಾ ಆಮೇಲೆ ಫೋನಿನಲ್ಲಿ ಹೇಳಿದರು. ಚನಮಲ್ಲ ಪೇಟಿಯನ್ನು ಒಪ್ಪಿಸಿದ, ಕಣ್ಣು ಮುಚ್ಚಿದ, ಕೈ ಮುಂದೆ ಚಾಚಿ ಅಂಗಡಿ ತುಂಬ ತಡವರಿಸತೊಡಗಿದ. ಮೊದಲು ಸಿಕ್ಕದ್ದು ಬಿಲ್ಲು ಮಾಡುವ ಕಂಪ್ಯೂಟರು. ಅದನ್ನು ಒತ್ತಿ, ಇದರ ಕೀ ಭಾಳ ಗಿಡ್ಡ ಅಂದ. ಆಮೇಲೆ ಸಾಲಾಗಿ ಇಟ್ಟಿದ್ದ ಹನ್ನೊಂದು ಕೀಬೋರ್ಡು. ಇದು ಪೊಳ್ಳು. ಇದು ಹಗುರ, ಚುರಮುರಿ ಒತ್ತಿದಂಗ ಆಗತದ. ಇದು ಒತ್ತಿದರ ಒಳಗ ಟಕ್ ಅಂತದ. ಇದು ಒತ್ತಿದ್ದು ಎದ್ದು ಬರೋದರಾಗ ಹಾಡು ಮುಗಿದು ಹೋಗತದ. ಅವನು ಅಂದದ್ದೆಲ್ಲ ಖರೇನೇ ಇತ್ತು, ಮೂವತ್ತು ವರ್ಷ ಈ ಧಂದೆ ಮಾಡಿದ ನನಗೂ ಅಷ್ಟು ಸೂಕ್ಷ್ಮ ಗೊತ್ತಾಗೋದಿಲ್ಲ ಅಂತ ವಿಠ್ಠಲಸಾ ಹೇಳಿದರು. ಕಾಶವ್ವ ಹೆಮ್ಮೆಯಿಂದ, ಆಮ್ಯಾಲೆ ಏನಾತ್ರೀ ಅಂದಳು.

ಆಮೇಲೆ ಹನ್ನೆರಡನೇದು ಕೈಗೆ ಸಿಕ್ಕಿತು. ಚನಮಲ್ಲನ ಮುಖ ಅರಳಿತು. ಇದೇ ಅಂದ. ವಿಠ್ಠಲಸಾ, ತಮ್ಮಾ ಕಣ್ಣು ತೆಗೀ, ಇದು ನೀನೇ ತಂದಿದ್ದು ಅಂದರು. ಅವನು ಕಣ್ಣು ತೆಗೆಯಲಿಲ್ಲ.

"ನಮ್ಮವ್ವ ಅಪ್ಪನ ಪೇಟಿ ಹಂಗ ಇರೋದ ತಾ ಅಂದಾಳ್ರೀ. ಇದಕ್ಕಿಂತ ಅಪ್ಪನ ಪೇಟಿ ಹಂಗ ಇರೋದು ನಿಮ್ಮ ಅಂಗಡ್ಯಾಗ ಇಲ್ಲ."

ಫೋನ್ ಇಡುವ ಹೊತ್ತಿಗೆ ಚನಮಲ್ಲ ಪೇಟಿ ಹೊತ್ತುಕೊಂಡು ಅಂಗಳಕ್ಕೆ ಬಂದಿದ್ದ. ದ್ಯಾಮವ್ವ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪೇಟಿ ನೋಡಿ ತಟ್ಟೆ ಕೆಳಗಿಳಿಸಿದಳು. ಆ ಸಂಜೆ ಕಾಶವ್ವ ಬಡಿದ ರೊಟ್ಟಿಗೆ ನಡುವೆ ತೂತು ಬಿದ್ದವು.

ಅವಳಿಗೆ ಸಿಟ್ಟು ಬಂದದ್ದು ಮಗನ ಮೇಲೆ ಅಷ್ಟೇ ಅಲ್ಲ. ಪೇಟಿ ಮತ್ತೆ ಮನೆಯೊಳಗೆ ಬಂದಾಗ ಒಂದು ಕ್ಷಣ ಜೀವಕ್ಕೆ ಹಾಯೆನಿಸಿತ್ತಲ್ಲ, ಅದರ ಮೇಲೂ ಬಂತು. ಪೇಟಿಯನ್ನು ಮಂಚದ ಕೆಳಗೆ ತಳ್ಳಿ, ರೊಟ್ಟಿಯ ತೂತಿನಿಂದಲೇ ಮಗನನ್ನು ನೋಡುತ್ತ ಬೈದಳು. ಬೈದು ಮುಗಿಸಿ ಹೊಸ ಬುದ್ಧಿ ಹೇಳಿದಳು.

"ಗಾಳಿ ಹಾಕೋದು ಬ್ಯಾಡೋ ಮಾರಾಯ, ಕರೆಂಟಿಂದು ಬೇಕು. ಗುಂಡಿ ಒತ್ತಿದರ ತಾನೇ ತಾಳ ಹಾಕಬೇಕು, ತಾನೇ ಪಿಟೀಲು ಬಾರಿಸಬೇಕು. ಎಷ್ಟು ಕೆಲಸ ತಾನೇ ಮಾಡತೈತೋ ಅಷ್ಟು ಚಲೋ. ತಿಳೀತಿಲ್ಲೋ?"

ಹೂಂ ಬೇ ಅಂದ. ಹೋದ.

ಈ ಸಲ ಕೀಬೋರ್ಡನ್ನೇ ತಂದ. ಬೆಳ್ಳಗೆ, ಹೊಳಪಾಗಿ, ನೆತ್ತಿಯ ಮೇಲೆ ದೀಪದ ಸಾಲು. ಈ ಬಾರಿ ಆರತಿ ಆಯಿತು. ದ್ಯಾಮವ್ವ, ಮತ್ತಿಬ್ಬರು ಸೆರಗು ಹೊದ್ದು ಕೂತರು. ಕಾಶವ್ವ ಗಂಟಲು ಸರಿ ಮಾಡಿಕೊಂಡು, ಹಚ್ಚು ಅಂದಳು. ಚನಮಲ್ಲ ಒಂದು ಗುಂಡಿ ಒತ್ತಿ, ಕೈ ಕಟ್ಟಿಕೊಂಡು ಹಿಂದಕ್ಕೆ ಸರಿದು ಗೋಡೆಗೆ ಒರಗಿದ.

ಕೀಬೋರ್ಡು ತಾನೇ ಹಾಡತೊಡಗಿತು. ಯಾವುದೋ ದೇಶದ, ಯಾವುದೋ ಹಬ್ಬದ ಕುಣಿತದ ಹಾಡು. ದೀಪಗಳು ಓಡಾಡಿದವು. ಹಾಡು ಮುಗಿಯಿತು, ಇನ್ನೊಂದು ಹತ್ತಿತು. ಚನಮಲ್ಲ ತಲೆದೂಗಿದ. ನುಡಿಸೋ ಅಂದಳು ತಾಯಿ. ಅದು ನುಡಿಸಾಕ ಹತ್ತೈತಲ್ಲ ಬೇ, ನಡುವ ನಾ ಯಾಕ ಕೈ ಹಾಕಲಿ ಅಂದ. ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ತಾನೇ ಮಾಡೋದು ಯಾವುದೆಂದು ಕೇಳಿದ್ದನಂತೆ. ಕಲಿಯುವ ಮಕ್ಕಳಿಗೆಂದು ಇಟ್ಟದ್ದನ್ನು ತೋರಿಸಿದ್ದರಂತೆ. ಎಲ್ಲಿ ಒತ್ತಿದರೂ ಹಾಡು ತಪ್ಪದೆ ಮುಂದೆ ಹೋಗುತ್ತಿತ್ತು. ಮೊಣಕೈ ಊರಿದರೂ ಹೋಗುತ್ತಿತ್ತು.

ಕಾಶವ್ವ ಎದ್ದು ಬಂದು ತಾನೇ ಒಂದು ಕೀ ಒತ್ತಿದಳು, ಕೂಸಿನ ಕೆನ್ನೆ ಮುಟ್ಟಿದ ಹಾಗೆ. ಪ್ಯಾಂ ಅಂದಿತು. ಹಿಟ್ಟು ನಾದುವ ಹಾಗೆ ಗುದ್ದಿದಳು. ಅಷ್ಟೇ ಪ್ಯಾಂ ಅಂದಿತು. ಅಂದಾನಿ ನೆನಪಿಗೆ ಬಂದ. ಹಾಡು ಅಂದರೆ ಎಲ್ಲಿ ಇಳಿಸಬೇಕು, ಎಲ್ಲಿ ಏರಿಸಬೇಕು ಅನ್ನುವುದೇ ಅಲ್ಲವಾ? ಮೆಲ್ಲಗೆ ಮುಟ್ಟಿದ್ದಕ್ಕೂ ಗುದ್ದಿದ್ದಕ್ಕೂ ಒಂದೇ ಉತ್ತರ ಕೊಡುವುದಕ್ಕೆ ಜೀವ ಎಲ್ಲಿದೆ?

ಅವತ್ತು ರೊಟ್ಟಿ ಬಡಿಯುವಾಗ ಕಲ್ಲೇ ಸೀಳಿತು.

"ಕೇಳಿಲ್ಲಿ. ಮೊದಲು ಮೆಲ್ಲಗ ಹೊಡಿ, ಆಮ್ಯಾಲೆ ಜೋರ ಹೊಡಿ. ಮೆಲ್ಲಗ ಹೊಡದ್ರ ಮೆಲ್ಲಗ ಅನಬೇಕು, ಜೋರ ಹೊಡದ್ರ ಜೋರ ಅನಬೇಕು. ಅದು ಚಲೋ ಮಾಲು. ಹಂಗ ಹೊಡದು ನೋಡದ ಇನ್ನ ಒಂದು ಸಾಮಾನೂ ಈ ಮನಿಗೆ ತರಬ್ಯಾಡ."

ಹೂಂ ಬೇ ಅಂದ.

ಬೆಳ್ಳನೆಯ ಕೀಬೋರ್ಡನ್ನು ವಿಠ್ಠಲಸಾ ವಾಪಸು ತೆಗೆದುಕೊಳ್ಳುತ್ತೇನೆ ಅಂದರು, ಆದರೆ ಎರಡು ದಿನ ಅಂಗಡಿ ಬಂದ್ ಇತ್ತು. ಅಷ್ಟರಲ್ಲಿ ಸುರಗಿಗೆ ಗಡಿಗೆ ಬೇಕಿತ್ತು. ಹಾಡುವವಳೇ ಗಡಿಗೆ ಒಯ್ಯುವುದು ಕಾಶವ್ವನ ಅತ್ತೆಯ ಕಾಲದಿಂದ ಬಂದದ್ದು. ನಾಲ್ಕು ಗಡಿಗೆ ತಾ ಅಂತ ಮಗನನ್ನು ಕುಂಬಾರ ಸಾವಂತ್ರವ್ವನ ಮನೆಗೆ ಕಳಿಸಿದಳು. ಗಡಿಗೆ ತರುವುದಕ್ಕೆ ಯಾರಾದರೂ ಬುದ್ಧಿ ಹೇಳಿ ಕಳಿಸುತ್ತಾರಾ? ಅವಳೂ ಹೇಳಲಿಲ್ಲ. ಹಳೇ ಬುದ್ಧಿಯೇ ಅವನ ಜತೆ ಹೋಯಿತು.

ಒಂದು ತಾಸಿನೊಳಗೆ ಸಾವಂತ್ರವ್ವ ಬಂದಳು. ಕೈಯಲ್ಲಿ ಒಂದು ಗಡಿಗೆಯ ಕಂಠ, ಕೆಳಗೆ ಗಡಿಗೆ ಇಲ್ಲ. ಬಾಗಿಲಲ್ಲೇ ನಿಂತು ಅವಳು ಕೇಳಿದ್ದು ಇಷ್ಟು: ನಿನ್ನ ಮಗ ನನ್ನ ಹತ್ತು ಗಡಿಗೀನೂ ಚಲೋ ಅದಾವ ಅಂತ ಹೇಳ್ಯಾನ, ಹತ್ತಕ್ಕ ಒಂದೂ ಉಳಿದಿಲ್ಲ, ಇನ್ನ ನಾನು ಏನು ಮಾಡಬೇಕು. ಅವಳ ಹಿಂದೆ ಚನಮಲ್ಲ ಹೆಗಲ ಮೇಲೆ ಚೀಲ ಹೊತ್ತು ನಿಂತಿದ್ದ. ಚೀಲ ಖಳಖಳ ಅನ್ನುತ್ತಿತ್ತು.

"ಮೆಲ್ಲಗ ಹೊಡದ್ರ ಮೆಲ್ಲಗ ಅಂದ್ವು ಬೇ, ಜೋರ ಹೊಡದ್ರ ಜೋರ ಅಂದ್ವು. ಎಲ್ಲಾ ಬೇಶ್ ಅದಾವ. ಅದರಾಗ ಭಾಳ ಜೋರ ಅಂದ ನಾಲ್ಕು ಆರಿಸಿ ತಂದೀನಿ."

ಕಾಶವ್ವ ಸಾವಂತ್ರವ್ವನಿಗೆ ತನ್ನ ಹಿತ್ತಾಳೆಯ ಕೊಡ ಕೊಟ್ಟು ಸಮಾಧಾನ ಮಾಡಿದಳು. ಸಾವಂತ್ರವ್ವ ಸಿಟ್ಟು ನುಂಗಿಕೊಂಡು ಬೇರೆ ನಾಲ್ಕು ಗಡಿಗೆ ತಂದುಕೊಟ್ಟಳು, ಚನಮಲ್ಲ ಮನೆಯಲ್ಲಿಲ್ಲದ ಹೊತ್ತು ನೋಡಿ.

ಬೈಯಲು ಕಾಶವ್ವನ ಹತ್ತಿರ ಬೈಗುಳ ಉಳಿದಿರಲಿಲ್ಲ. ಇದ್ದದ್ದೆಲ್ಲ ಮೊದಲೆರಡು ಸಲಕ್ಕೇ ಖರ್ಚಾಗಿತ್ತು. ಮದುವೆಗೆ ಆರು ದಿನ ಇತ್ತು. ಇವನು ಹುಬ್ಬಳ್ಳಿಯಿಂದ ಹೊಸ ಕೀಬೋರ್ಡನ್ನೂ ಗುದ್ದುತ್ತ ತಂದರೆ? ಹಲ್ಲು ಕಚ್ಚಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಅಂಗಡ್ಯಾಗ ಹೊಡದು ನೋಡು. ಇದು ನಮ್ಮದು ಅಂತ ಆದ ಮ್ಯಾಲೆ ಹೊಡೀಬ್ಯಾಡ. ಅದು ಕೂಸು ಅಂತ ತಿಳಿ. ಕೂಸಿಗೆ ಏನೇನು ಮಾಡ್ತಾರೋ ಅದನ್ನೆಲ್ಲ ಮಾಡು, ಒಂದೂ ಬಿಡಬ್ಯಾಡ. ಕೂಸಿಗೆ ಮಾಡದ್ದನ್ನ ಮಾಡಬ್ಯಾಡ."

ಹೂಂ ಬೇ ಅಂದ. ಬೆಳ್ಳನೆಯದನ್ನು ಹೊತ್ತುಕೊಂಡು ಹೋದ.

ಮಧ್ಯಾಹ್ನ ವಿಠ್ಠಲಸಾ ಫೋನ್ ಮಾಡಿದರು. ಎದುರಿಗೆ ಎರಡು ಇಟ್ಟಿದ್ದೇನೆ, ನೀವೂ ಕೇಳಿರಿ ಅಂದರು. ಒಂದರಲ್ಲಿ ಎಂಟುನೂರು ನಮೂನೆಯ ದನಿ, ಇನ್ನೂರೈವತ್ತು ತಾಳ, ಟೀವಿಯ ಹಾಗೆ ಪರದೆ, ಹಾಡಿದ್ದನ್ನು ಹಿಡಿದಿಟ್ಟುಕೊಳ್ಳುವ ಯಂತ್ರ, ಅಂದಾನಿ ಹತ್ತಿರ ಇರುವುದಕ್ಕಿಂತ ಎರಡು ಪಟ್ಟು ಸಾಮಾನು. ಇನ್ನೊಂದರಲ್ಲಿ ಅದರ ಅರ್ಧವೂ ಇಲ್ಲ. ಅರವತ್ತೊಂದು ಕೀ ಇವೆ, ಢೋಲಕ್ ಇದೆ, ತಬಲಾದ ಡಗ್ಗಾ ಇದೆ, ಹಾಡುವವರ ದನಿಗೆ ತಕ್ಕಂತೆ ಶ್ರುತಿ ಏರಿಸುವ ಇಳಿಸುವ ಗುಂಡಿ ಇದೆ, ಎಡಗೈ ಹತ್ತಿರ ಸ್ವರವನ್ನು ಜಾರಿಸುವ ಒಂದು ಗಾಲಿ ಇದೆ, ಅಷ್ಟೇ. ಮೊದಲನೇದೇ ಒಯ್ಯಲಿ ಅಂತ ನನ್ನ ಮಾತು ಅಂದರು. ಕಾಶವ್ವನಿಗೂ ಅದೇ ಸರಿ ಅನಿಸಿತು. ಅಂದಾನಿಗಿಂತ ಎರಡು ಪಟ್ಟು ಅನ್ನುವ ಮಾತು ಅವಳ ಕಿವಿಯಲ್ಲಿ ಕೂತುಬಿಟ್ಟಿತ್ತು.

ಫೋನಿನಲ್ಲಿ ಚನಮಲ್ಲ ಮೊದಲನೇದನ್ನು ನುಡಿಸಿದ. ದೊಡ್ಡ ಸದ್ದು, ಕೇಳಿದವರು ಹೌಹಾರಬೇಕು. ಆಮೇಲೆ ಎರಡನೇದು. ಅಲ್ಲಿ ಅವನು ಕಾಶವ್ವನ ಸುರಗಿ ಪದವನ್ನೇ ಹಿಡಿದ, ಅವಳ ಎತ್ತರಕ್ಕೇ, ಕಪ್ಪು ನಾಲ್ಕರಿಂದ, ಅಂದರೆ ನಾಲ್ಕನೇ ಕರೀ ಕೀಯ ಶ್ರುತಿಯಿಂದ. ಮದುಮಗಳ ತಲೆಗೆ ಎಣ್ಣೆ ಇಡುವ ನುಡಿಯಲ್ಲಿ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕು, ಅವಳ ಹೊರತು ಯಾರೂ ಅಲ್ಲಿ ಜಾರಿಸುತ್ತಿರಲಿಲ್ಲ. ಕೀಬೋರ್ಡು ಜಾರಿಸಿತು. ಎಣ್ಣೆ ಇಡುವಲ್ಲಿ ಮೆಲ್ಲಗಾಯಿತು, ನೀರು ಸುರಿಯುವಲ್ಲಿ ತುಂಬಿ ಬಂತು. ಕಾಶವ್ವ ಫೋನ್ ಹಿಡಿದವಳು ತನಗೇ ಗೊತ್ತಿಲ್ಲದೆ ಹಾಡತೊಡಗಿದ್ದಳು. ವರ್ಷದಿಂದ ಏರಿದ್ದ ಸಿಟ್ಟು ಇಳಿದದ್ದು ಅಷ್ಟು ಹೊತ್ತು ಮಾತ್ರ.

ಯಾವುದು ಬೇಕೋ ಅಂತ ವಿಠ್ಠಲಸಾ ಕೇಳಿದ್ದು ಅವಳಿಗೂ ಕೇಳಿಸಿತು. ಮಗನ ಉತ್ತರವೂ ಕೇಳಿಸಿತು.

"ಅದು ಭಾಳ ಮಾತಾಡತದ್ರೀ. ಇದು ಮಾತು ಕೇಳತದ."

ಇದನ್ನು ಹೇಳಿದ್ದು ನನ್ನ ಮಗನೇ ಹೌದಾ ಅಂತ ಕಾಶವ್ವ ಫೋನನ್ನು ತಿರುಗಿಸಿ ನೋಡಿದಳು. ನಮ್ಮ ಕಡೆ ಇಂಥ ಮಾತನ್ನು ಪೆದ್ದರೇ ಆಡುತ್ತಾರೆ. ಶಾಣ್ಯಾರು ಪರದೆ ಇದ್ದದ್ದನ್ನು ಒಯ್ಯುತ್ತಾರೆ.

ಸಂಜೆ ಬಂದ. ಹೇಗೆ ಬಂದ? ಕೀಬೋರ್ಡಿಗೆ ಕೂಸಿನ ಟೊಪ್ಪಿಗೆಯಂಥ ಕುಂಚಿಗೆ ಹೊದಿಸಿ, ಎದೆಗೆ ಅವಚಿಕೊಂಡು, ಮಡಿಲ ಕೂಸಿಗೆ ಟಿಕೀಟಿಲ್ಲ ಅಂತ ಕಂಡಕ್ಟರನ ಜತೆ ಧಾರವಾಡದ ತನಕ ವಾದ ಮಾಡಿ, ಹೆಂಗಸರ ಸೀಟಿನಲ್ಲಿ ಕೂತು ಬಂದ. ಪಕ್ಕದ ಹೆಂಗಸು ಹೆಸರೇನು ಇಟ್ಟೀರಿ ಅಂದದ್ದಕ್ಕೆ, ಇನ್ನೂ ಇಟ್ಟಿಲ್ಲ, ನಮ್ಮವ್ವನ್ನ ಕೇಳಬೇಕು ಅಂದ. ಮನೆಗೆ ಬಂದವನೇ ಅದರ ಎರಡು ಗುಂಡಿಗಳಿಗೆ ಕಾಡಿಗೆ ಹಚ್ಚಿದ, ಮೂಲೆಯಲ್ಲಿ ದೃಷ್ಟಿಬೊಟ್ಟು ಇಟ್ಟ, ಕಾಶವ್ವನ ಸೀರೆ ಕಟ್ಟಿ ತೊಟ್ಟಿಲು ಮಾಡಿ ಅದರಲ್ಲಿ ಮಲಗಿಸಿದ.

ಕಾಶವ್ವನ ಕೈ ರೊಟ್ಟಿ ಕಲ್ಲಿಗೆ ದಾರಿ ಹುಡುಕಿತು. ಆದರೂ ತಡೆದುಕೊಂಡಳು. ಮೂರನೇ ಸಲಕ್ಕಾದರೂ ಜೀವ ಇದ್ದದ್ದು ಬಂತಲ್ಲ. ತೂಗಿಕೊಂಡಿರಲಿ, ಗುದ್ದುವುದಕ್ಕಿಂತ ವಾಸಿ ಅಂದುಕೊಂಡಳು. ಅಲ್ಲೇ ಅವಳು ತಪ್ಪಿದ್ದು.

ಐದು ದಿನ ಹಾಡಿ ಹಾಡಿ ರೂಢಿ ಮಾಡಿಕೊಂಡರು. ಕೀಬೋರ್ಡು ಇಡಲು ಸ್ಟ್ಯಾಂಡು ತಂದಿರಲಿಲ್ಲ. ದ್ಯಾಮವ್ವ ಮಂಚದ ಕೆಳಗಿನಿಂದ ಹಳೇ ಪೇಟಿ ಎಳೆದು, ಅದರ ಮೇಲೆ ಹಲಗೆ ಹಾಕಿ ಇಟ್ಟಳು. ಎತ್ತರ ಸರಿಯಾಯಿತು. ಮದುವೆ ಮನೆಗೂ ಹಾಗೇ ಒಯ್ದರು: ಕೆಳಗೆ ಅಪ್ಪನ ಪೇಟಿ, ಮೇಲೆ ಹೊಸ ಕೂಸು.

ಸುರಗಿಯ ಬೆಳಗ್ಗೆ ಹಂದರದ ತುಂಬ ಜನ. ಆರತಕ್ಷತೆಗೆ ಬಂದಿದ್ದ ಅಂದಾನಿ ಆ ತುದಿಯಲ್ಲಿ ತನ್ನ ಸ್ಪೀಕರುಗಳ ನಡುವೆ ಕೂತು ಚಹಾ ಕುಡಿಯುತ್ತಿದ್ದ. ಕಾಶವ್ವನ ಕೀಬೋರ್ಡಿನ ಕಾಡಿಗೆ ನೋಡಿ ನಕ್ಕ. ಕಾಶವ್ವ ನಗಲಿಲ್ಲ, ಕಣ್ಣು ಮುಚ್ಚಿದಳು, ಪದ ಎತ್ತಿಕೊಂಡಳು.

ಢೋಲಕ್ ಬಿತ್ತು. ದ್ಯಾಮವ್ವನ ದನಿ ಸೇರಿತು. ಚನಮಲ್ಲನ ಬೆರಳು ತಾಯಿಯ ದನಿಯ ಹಿಂದೆ ಹಿಂದೆ, ಒಮ್ಮೊಮ್ಮೆ ಒಂದು ಹೆಜ್ಜೆ ಮುಂದೆ. ಎಣ್ಣೆ ಇಡುವ ನುಡಿಗೆ ಬಂದಾಗ ಅಡುಗೆಯವರು ಜಾಲರಿ ಹಿಡಿದು ಹೊರಗೆ ಬಂದು ನಿಂತರು. ಹುಡುಗರು ಫೋನೆತ್ತಿದರು. ಅಂದಾನಿಯ ಚಹಾ ಕೈಯಲ್ಲೇ ಆರಿತು. ಕಣ್ಣು ಮುಚ್ಚಿದ್ದರೂ ಕಾಶವ್ವನಿಗೆ ಜನ ತನ್ನ ಕಡೆ ತಿರುಗಿದ್ದು ಬೆನ್ನಿಗೆ ಗೊತ್ತಾಯಿತು. ನೋಡಲೇ ಅಂದಾನಿ, ನೋಡು ಅಂತ ಒಳಗೊಳಗೇ ಅನ್ನುತ್ತ ಹಾಡಿದಳು.

ಮದುಮಗಳ ಮೈಮೇಲೆ ನೀರು ಬೀಳುವ ಹೊತ್ತು. ಮಗ್ಗುಲಿಗೆ ಕೂಸು ಬೇಕಲ್ಲ? ಆ ಮನೆಯ ಕೂಸಿಗೆ ಜ್ವರ. ಯಾರದಾದರೂ ಕೂಸು ತರ್ರಿ, ಲಗೂನ ತರ್ರಿ, ಶಾಸ್ತ್ರ ನಿಲ್ಲಬಾರದು ಅಂತ ಶಿವಲೀಲಕ್ಕ ಕೂಗಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

ಚನಮಲ್ಲ ಎದ್ದ. ಕರೆಂಟಿನ ವಾಯರು ಮೆಲ್ಲಗೆ ಕಳಚಿದ. ಕುಂಚಿಗೆ ಹೊದಿಸಿದ. ಎರಡೂ ಕೈಯಲ್ಲಿ ಎತ್ತಿಕೊಂಡು ನಾಲ್ಕು ಗಡಿಗೆಯ ನೂಲು ದಾಟಿ, ಮದುಮಗಳ ಮಗ್ಗುಲಿಗೆ ಮಣೆಯ ಮೇಲೆ ಕೂರಿಸಿದ. ಹುಡುಗಿ ಕಣ್ಣಿಗೆ ಎಣ್ಣೆ ಇಳಿದಿತ್ತು. ಕೂಸು ಬಂತೆಂದು ಸರಿದು ಜಾಗ ಕೊಟ್ಟಳು. ಅವನು ತಂಬಿಗೆ ತುಂಬಿದ. ಒಂದು ಹಾಕಿದ. ಎರಡು ಹಾಕಿದ. ಅರಿಸಿನ ಹಚ್ಚಿ ಮೂರು, ನಾಲ್ಕು ಹಾಕಿದ.

ಕೀಬೋರ್ಡಿನ ಸದ್ದು ನಿಂತದ್ದು ಹಾಡಿನಲ್ಲಿ ಮುಳುಗಿದ್ದ ಕಾಶವ್ವನಿಗೆ ತಡವಾಗಿ ತಿಳಿಯಿತು, ದನಿಯ ಕೆಳಗಿನ ನೆಲ ಸರಿದಂತಾಗಿ ಕಣ್ಣು ತೆರೆದಳು. ಮಗ ಸೆರಗಿನ ತುದಿಯಂಥ ಮೆತ್ತನೆ ಬಟ್ಟೆಯಿಂದ ಬಿಳೀ ಹಲ್ಲು, ಕರೀ ಹಲ್ಲು ಒಂದೊಂದೇ ಒರೆಸುತ್ತಿದ್ದ. ಅದರ ಸಂದಿಯಿಂದೆಲ್ಲ ಅರಿಸಿನ ನೀರು ಹರಿಯುತ್ತಿತ್ತು. ತಾಯಿಯನ್ನು ನೋಡಿ ಅವನ ಮುಖ ಹಿಗ್ಗಿತು.

"ಒಂದೀಟೂ ಅಳಲಿಲ್ಲ ಬೇ."

ಆಮೇಲೆ ಅಂದಾನಿ ನಕ್ಕದ್ದು ಮೈಕಿನಲ್ಲಿ ಕೇಳಿಸಿತು. ಹಾಡು ನಿಲ್ಲಬಾರದು ಅಕ್ಕಾರ, ನಾ ಹಚ್ಚತೀನಿ ತಡೀರಿ ಅಂತ ಅವನು ಗುಂಡಿಗೆ ಕೈ ಹಾಕಿದ.

ಕಾಶವ್ವ ಮಗನ ಕುತ್ತಿಗೆ ಹಿಡಿದು ಎಳೆದು ತಂದಳು. ಹಲಗೆಯನ್ನು ಒದ್ದಳು. ಕೆಳಗಿದ್ದ ಪೇಟಿಯ ಮುಂದೆ ಅವನನ್ನು ಕುಕ್ಕರಿಸಿದಳು.

"ಕೈ ಇಡು. ನಾ ನಿಲ್ಲಿಸು ಅನ್ನೋತನಕ ಎತ್ತಿದಿ ಅಂದ್ರ ಇವತ್ತ ನಿನ್ನ ಬೆರಳು ಇರಂಗಿಲ್ಲ."

ಹಾಡಿದಳು. ಸುರಗಿ ಪದ ಅಂದರೆ ಹರಸುವ ಪದ, ಹಾಲಿನಂತೆ ಇರಬೇಕು. ಕಾಶವ್ವ ಅದನ್ನು ಜಗಳದಂತೆ ಹಾಡಿದಳು. ನೂರು ವರ್ಷ ಬಾಳು ಅನ್ನುವ ಸಾಲಿಗೆ ಮದುಮಗಳು ಹೆದರಿ ಹೂಂ ಅಂದಳು. ಅಂದಾನಿ ತನ್ನ ಕೀಬೋರ್ಡಿನಲ್ಲಿ ಅವಳ ಶ್ರುತಿ ಹುಡುಕಿದ. ಸಿಟ್ಟಿಗೆ ಅವಳು ಕಪ್ಪು ನಾಲ್ಕು ಬಿಟ್ಟು ಮೇಲೆ ಹೋಗಿದ್ದಳು. ಅವನು ಗುಂಡಿ ಒತ್ತಿ ಏರಿಸುವಷ್ಟರಲ್ಲಿ ಮತ್ತೂ ಮೇಲೆ ಹೋಗಿದ್ದಳು. ಚನಮಲ್ಲನ ಬೆರಳು ಮಾತ್ರ ಆಗಲೇ ಅಲ್ಲಿತ್ತು. ಎರಡು ಸಲ ತಪ್ಪು ಜಾಗದಲ್ಲಿ ಪಿಟೀಲು ಬಿಟ್ಟು, ಜನ ಶ್ ಅಂದ ಮೇಲೆ, ಅಂದಾನಿ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡ. ಕಡೆಯ ತಂಬಿಗೆ ಬಿತ್ತು. ಹಾಡು ಮುಗಿಯಿತು, ನಿಲ್ಲಲಿಲ್ಲ.

ಶಿವಲೀಲಕ್ಕ ಬಂದು ಕಾಶವ್ವನ ಕೈ ಹಿಡಿದು, ಇನ್ನ ನಮ್ಮ ಮನಿತನದ ಸುರಗಿ ಎಲ್ಲ ನಿನ್ನದೇ, ಆ ಕರೆಂಟಿನ ಪೆಟಿಗಿ ಏನೂ ಬ್ಯಾಡ ಅಂದಳು. ಕಾಶವ್ವ ತನ್ನ ಎಮ್ಮೆಯನ್ನು ನೆನೆದಳು. ಮಣೆಯ ಮೇಲೆ ಅರಿಸಿನ ಸುರಿಸುತ್ತ ಕೂತಿದ್ದ ಕೂಸನ್ನು ನೋಡಿದಳು. ಇವನ ಜತೆ ಇನ್ನ ಜೀವ ಇರೋತನಕ ಮಾತಿಲ್ಲ ಅಂತ ಎಲ್ಲರೆದುರು ಆಣೆ ಮಾಡಿ, ಸೆರಗು ಸಿಕ್ಕಿಸಿ ಮನೆಗೆ ನಡೆದಳು.

ನಿಲ್ಲಿಸು ಅಂತ ಮಾತ್ರ ಅನ್ನಲಿಲ್ಲ.

ಚನಮಲ್ಲ ನುಡಿಸಿದ. ಅಕ್ಷತೆ ಬಿತ್ತು, ನುಡಿಸಿದ. ಊಟದ ಪಂಕ್ತಿ ಎದ್ದಿತು, ದ್ಯಾಮವ್ವ ಬಾಯಿಗೆ ತುತ್ತು ಇಟ್ಟಳು, ನುಂಗುತ್ತ ನುಡಿಸಿದ. ಮದುಮಗಳು ಅತ್ತು ಗಂಡನ ಮನೆಗೆ ಹೋದಳು. ಹಂದರದವರು ಕಂಬ ಕಿತ್ತರು, ಜಮಖಾನೆ ಸುತ್ತಲು ಬಂದರು. ಅವನು ಏಳಲಿಲ್ಲ, ಅವನ ಸಮೇತ ಜಮಖಾನೆಯನ್ನು ಟ್ರ್ಯಾಕ್ಟರಿಗೆ ಹೇರಿದರು. ಊರಿನ ಹಿರಿಯರು ಕಾಶವ್ವನ ಬಾಗಿಲಿಗೆ ಹೋಗಿ, ಒಂದೇ ಒಂದು ಮಾತು ಅನ್ನವ್ವ ಅಂತ ಬೇಡಿಕೊಂಡರು. ಆಣಿ ಹಾಕೀನಿ ಅಂದಳು, ರೊಟ್ಟಿ ಬಡಿದಳು. ಟ್ರ್ಯಾಕ್ಟರು ಆ ಊರಿನ ಮದುವೆಯಿಂದ ಈ ಊರಿನ ಮದುವೆಗೆ ಹೋಗುತ್ತಲೇ ಇದೆ, ಜಮಖಾನೆಯ ಮೇಲೆ ಕೂತು ಅವನು ಇವತ್ತಿಗೂ ನುಡಿಸುತ್ತಲೇ ಇದ್ದಾನೆ. ತಾಯಿ ಹಾಡುವ ಮನೆಗೆ ಬಂದರೆ ಅವಳು ಮುಖ ತಿರುಗಿಸಿಕೊಂಡು ಹಾಡುತ್ತಾಳೆ. ಸ್ವರ ಮಾತ್ರ ಆಗಲೇ ಅಲ್ಲಿರುತ್ತದೆ.

ಕತಿ ಮುಗೀತು. ಆದರ ಖರೇ ಒಂದು ಹೇಳಿಬಿಡ್ತೀನಿ. ನಾಲ್ಕನೇ ತಂಬಿಗಿ ನೀರು ಬೀಳೋತನಕ ನಡೆದದ್ದು ನಡೆದಂಗ ಐತಿ. ಕಾಶವ್ವ ಕಣ್ಣು ತೆಗೆದಳು ಅಂದ್ನಲ್ಲ, ಆ ಕಣ್ಣು ನೋಡಿದವರು ಯಾರೂ ಆ ಹಂದರದಾಗ ನಿಲ್ಲಲಿಲ್ಲ, ಚಪ್ಪಲಿ ಬಿಟ್ಟು ಓಡಿದರು. ನಾನೂ ಓಡಿದೆ. ಮುಂದ ಏನಾತೋ ದೇವರಿಗೇ ಗೊತ್ತು. ಪೇಟಿ ನುಡಿಸಿದ್ದು, ಅಂದಾನಿ ಸೋತದ್ದು, ಟ್ರ್ಯಾಕ್ಟರು, ಎಲ್ಲ ನಾನು ಕಟ್ಟಿದ್ದು. ಕೂಸು ಸತ್ತು ಪೇಟಿಗೆ ಬಾಯಿ ಬಂತು ಅನ್ನೋ ಒಗಟಿನ ಕಡೀ ಸಾಲು ಅದಕ್ಕೇ ನಿಮಗ ಒಡೀಲಿಲ್ಲ.